ಗಂಗಾಲಕ್ಷ್ಮಿ ಸೊರಗಿದ್ದು

ಗಂಗಾಲಕ್ಷ್ಮಿ ತನ್ನ ರವಿಕೆಗಳನ್ನೆಲ್ಲ ಬಿಗಿ ಮಾಡಲು ಟೈಲರ್ ಲಿಯಾಖತ್‌ಗೆ ಕೊಟ್ಟಳು. ಅವಳ ಗಂಡ ಕದಿರೇಶನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ಮಂಡಿನೋವೆಂದು ಹೋದಾಗ ಡಾಕ್ಟರಮ್ಮ, "ತೂಕ ಇಳಿಸಿ, ನೋವು ತಾನೇ ಹೋಗುತ್ತೆ" ಎಂದಿದ್ದರು. ಆರು ತಿಂಗಳು ಬೆಳಿಗ್ಗೆ ಬೆಳಿಗ್ಗೆ ನಡೆದಳು, ಅನ್ನ ಕಡಿಮೆ ಮಾಡಿದಳು, ಮೆಟ್ಟಿಲನ್ನು ಮೇಕೆಯಂತೆ ಹತ್ತತೊಡಗಿದಳು. ಆದರೆ ಶ್ರೀನಿವಾಸಪುರದ ಆ ಬೀದಿಯಲ್ಲಿ ಹೆಂಗಸು ತೆಳ್ಳಗಾದಳೆಂದರೆ ಕಾರಣ ಎರಡೇ: ಒಂದೋ ಕಾಯಿಲೆ, ಇಲ್ಲವೇ ಗಂಡ.

ರವಿಕೆ ಕೊಟ್ಟ ಮರುದಿನ ಬೆಳಿಗ್ಗೆ ಎದುರುಮನೆಯ ಅಮೀನಾ ಬೀ ಶ್ಯಾವಿಗೆ ಪಾಯಸ ಹಿಡಿದು ಬಂದರು. "ನಾಲ್ಕು ಬೆರಳು ಒಳಗೆ ಹಿಡ್ದಿದ್ದಾನಂತೆ ಲಿಯಾಖತ್. ಏನಪ್ಪಾ ಕದಿರೇಶ, ಹೆಂಡ್ತಿಗೆ ಹೊಟ್ಟೆತುಂಬ ಹಾಕ್ಬಾರ್ದಾ?"

"ಅಯ್ಯೋ ಅಮೀನಕ್ಕ, ನಾನೇ ಇಳಿಸ್ಕೊಂಡಿದ್ದು!" ಎಂದಳು ಗಂಗಾಲಕ್ಷ್ಮಿ.

"ಪಾಪ, ಗಂಡನ್ನ ಬಿಟ್ಕೊಡಲ್ಲ," ಎಂದು ಅಮೀನಾ ಬೀ ಕಣ್ಣೊರೆಸಿಕೊಂಡರು.

ಕದಿರೇಶ ಗುಮಾಸ್ತನಾಗಿದ್ದ ಹೈಸ್ಕೂಲಿಗೆ ಅವನಿಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಹೆಡ್‌ಮಿಸ್ ಅನಸೂಯಮ್ಮ ಒಳಗೆ ಕರೆದು ಮೆತ್ತಗೆ ಕೇಳಿದರು: "ಕುಡಿತ ಗಿಡಿತ ಏನಾದ್ರೂ...?" ಟೀ ಬಿಟ್ಟು ಬೇರೇನೂ ಕುಡಿಯದ ಕದಿರೇಶ ಹುಣಸೆಹಣ್ಣು ನುಂಗಿದವನಂತೆ ಹೊರಬಂದ.

ಸಂಜೆ ಮನೆಗೆ ಬಂದರೆ, ರಾಯಲ್ಪಾಡಿನಿಂದ ಅತ್ತೆ ಮುತ್ಯಾಲಮ್ಮ ಬಂದಿಳಿದಿದ್ದರು. ಒಂದು ಕೈಯಲ್ಲಿ ತುಪ್ಪದ ಡಬ್ಬಿ, ಇನ್ನೊಂದರಲ್ಲಿ ಕಾಲು ಕಟ್ಟಿದ ನಾಟಿಕೋಳಿ. ಅಳಿಯನನ್ನು ಕಂಡದ್ದೇ ಕೋಳಿಗಿಂತ ಜೋರಾಗಿ ಕೂಗಿದರು: "ಅಯ್ಯೋ ನಾ ತಲ್ಲೀ, ನನ್ನ ಕಂದಾ! ಕುಂಬಳಕಾಯಿ ಹಂಗಿದ್ದ ಮಗಳನ್ನ ಕೊಟ್ಟೆ, ನುಗ್ಗೇಕಾಯಿ ಮಾಡ್ಬಿಟ್ರಲ್ಲಪ್ಪಾ ಅಳಿಯಂದ್ರೇ!"

ಕದಿರೇಶನ ತಾಳ್ಮೆ ಹರಿಯಿತು. "ನಡೀರಿ ಡಾಕ್ಟರ ಹತ್ರ! ಅವರೇ ಹೇಳ್ಲಿ!"

ಅತ್ತೆ ಹೊರಟರು. ಸಾಕ್ಷಿಗೆಂದು ಅಮೀನಾ ಬೀಯೂ ಹೊರಟರು.

ಡಾಕ್ಟರಮ್ಮ ಗಂಗಾಲಕ್ಷ್ಮಿಯನ್ನು ತೂಕದ ಮಷಿನ್ ಹತ್ತಿಸಿ, ಬಿ.ಪಿ. ನೋಡಿ, ನಕ್ಕರು. "ಹನ್ನೊಂದು ಕೆಜಿ ಇಳಿಸಿದ್ದಾರೆ. ಮಂಡಿನೋವೂ ಇಲ್ಲ, ಬಿ.ಪಿ.ಯೂ ಇಲ್ಲ. ಇವರು ನಿಜವಾಗಿ ಆರೋಗ್ಯವಾಗಿರೋದು ಈಗಲೇ."

"ಕೇಳಿಸ್ತಾ ಅತ್ತೆ?" ಕದಿರೇಶ ಗೆದ್ದ ಹುಂಜದಂತೆ ಎದೆ ಉಬ್ಬಿಸಿದ. ಜತೆಗೆ ಹೊಟ್ಟೆಯೂ ಉಬ್ಬಿತು.

ಡಾಕ್ಟರಮ್ಮನ ಕಣ್ಣು ಅಲ್ಲಿಗೆ ಹೋಯಿತು. "ನೀವೂ ಹತ್ತಿ ನೋಡೋಣ."

ಹತ್ತಿದ. ಆರು ತಿಂಗಳ ಹಿಂದೆ ಜ್ವರಕ್ಕೆ ಬಂದಾಗಿನ ಅವನ ಚೀಟಿ ತೆಗೆದು ನೋಡಿ ಅವರು ಹುಬ್ಬೇರಿಸಿದರು. "ಏನ್ರೀ ಇದು? ಅದೇ ಆರು ತಿಂಗಳಲ್ಲಿ ನೀವು ಹನ್ನೊಂದು ಕೆಜಿ ಏರಿದ್ದೀರಿ!"

ಮುತ್ಯಾಲಮ್ಮ ಅಮೀನಾ ಬೀಯ ತೋಳು ಹಿಡಿದುಕೊಂಡರು.

"ನೋಡಿದ್ಯೇನಮ್ಮಾ? ನನ್ನ ಮಗಳ ಊಟ ಎಲ್ಲಿಗೆ ಹೋಯ್ತು ಅಂತ ಡಾಕ್ಟ್ರೇ ಹೇಳ್ಬಿಟ್ರು!"

ಗಂಡನ ಪರವಾಗಿ ಏನೋ ಹೇಳಲು ಗಂಗಾಲಕ್ಷ್ಮಿ ಬಾಯಿ ತೆರೆದಳು. ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಳು.