ಕುಬಸದ ಪಂಪ್ಸಿನ ಮೇಘಸಂಗ್ರಾಮ

ಮಹಾನವಮಿಯ ದಿನ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಹುಬ್ಬಳ್ಳಿಯ ಕುಬಸದ ಪಂಪ್ಸ್ ಅಂಗಡಿಯಲ್ಲಿ ಆಗಬೇಕಿದ್ದ ಒಂದು ಬಿಲ್ ಆಗಲಿಲ್ಲ.

ಆಗದೆ ಉಳಿದ ಆ ಬಿಲ್ಲಿನ ಮಹಿಮೆಯನ್ನು ಹೇಳುವ ಮುನ್ನ ಯುಗಕ್ಕೆ ವಂದನೆ ಸಲ್ಲಬೇಕು. ಯಾವ ಯುಗದಲ್ಲಿ ವರ್ತಕನೊಬ್ಬನು ತನ್ನ ಲೆಕ್ಕವನ್ನು ತನ್ನ ಅಂಗಡಿಯಲ್ಲೇ ಇಟ್ಟುಕೊಳ್ಳುವುದು ನಾಚಿಕೆಗೇಡೆನಿಸಿತೋ, ಯಾವ ಯುಗದಲ್ಲಿ ಎಲ್ಲಿವೆಯೆಂದು ಬಾಡಿಗೆ ತೆರುವವನಿಗೂ ತಿಳಿಯದ ಕಂಪ್ಯೂಟರುಗಳ ಸಾಲಿಗೆ ಕ್ಲೌಡ್ ಎಂದು ಹೆಸರಿಟ್ಟೊಡನೆ ಬುದ್ಧಿವಂತರೂ ತಲೆಯೆತ್ತಿ ಆಕಾಶ ನೋಡಿದರೋ, ಆ ಯುಗಕ್ಕೆ ನಮಸ್ಕಾರ. ಆಕಾಶದಲ್ಲಿ ಏನೂ ಇರಲಿಲ್ಲ. ಆ ಯಂತ್ರಗಳು ಯಾವುದೋ ಮಹಾನಗರದ ಹೊರವಲಯದ ಕಟ್ಟಡವೊಂದರಲ್ಲಿ ಬೆವರದಂತೆ ಏಸಿ ಹಾಕಿಸಿಕೊಂಡು ಕುಳಿತಿದ್ದವು.

ಅಂಥ ಯುಗದಲ್ಲಿ ತ್ರಿಫೇಸ್‌ಮೋಟಾರುವಿಕ್ರಯಧುರಂಧರನೂ, ಸಬ್‌ಮರ್ಸಿಬಲ್‌ಪ್ರಪಂಚಪಿತಾಮಹನೂ, ಉದ್ರಿ ಕೇಳಿದವರ ಮೇಲೆ ಕನ್ನಡಕದ ಮೇಲಂಚಿನಿಂದ ದೃಷ್ಟಿಬಾಣ ಪ್ರಯೋಗಿಸುವುದರಲ್ಲಿ ಅದ್ವಿತೀಯನೂ ಆದ ಈರಬಸಪ್ಪ ಕುಬಸದನು ಗಾದಿಯನ್ನಾಳುತ್ತಿದ್ದನು. ಅವನೆದುರು, ಸೆಮಿನಾರುಶ್ರವಣಪಾವನಕರ್ಣನೂ, ಲ್ಯಾಪ್‌ಟಾಪ್‌ಭೂಷಿತಸ್ಕಂಧನೂ, ಪ್ರತಿ ಮಾತನ್ನೂ ‘ಬೇಸಿಕಲಿ’ ಎಂಬ ಬೀಜಾಕ್ಷರದಿಂದಲೇ ಆರಂಭಿಸುವ ವ್ರತ ತೊಟ್ಟವನೂ ಆದ ಅವನ ಅಳಿಯ ಮೃತ್ಯುಂಜಯನು ನಿಂತಿದ್ದನು.

ಇವರಿಬ್ಬರ ಮೊದಲ ಕದನ ಯುಗಾದಿಯ ಹೊತ್ತಿಗೇ ಮುಗಿದಿತ್ತು. ಅಂಗಡಿಯ ಸರ್ವರ್ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿತ್ತು. ಇಲಿಯೊಂದು ಅದರ ವೈರು ಕಡಿದು ಒಂದು ವಾರದ ಲೆಕ್ಕ ಮಣ್ಣುಪಾಲಾದಾಗ ಅಳಿಯನು ರಣಕಹಳೆ ಊದಿದನು.

“ಮಾವಾರ, ಬೇಸಿಕಲಿ, ಕ್ಲೌಡ್‌ದಾಗ ಇಲಿ ಇಲ್ರೀ. ಅಂಗಡಿಗೆ ಬೆಂಕಿ ಬಿದ್ರೂ ಲೆಕ್ಕ ಅಲ್ಲಿ ಆರಾಮ ಇರತೈತಿ. ಹೊಸಾ ಮಷಿನ್ ಕೊಳ್ಳೂದಿಲ್ಲ, ರಿಪೇರಿ ಇಲ್ಲ. ಸೀಜನ್ ಬಂತು, ಜಾಸ್ತಿ ತಗೋ. ಸೀಜನ್ ಹೋತು, ಕಮ್ಮಿ ಮಾಡು. ಗೋವಾದಾಗ ಕುಂತು ಬಿಲ್ ಹೊಡೀಬಹುದು.”

“ಗೋವಾದಾಗ ಕುಂದ್ರಾಂವಗ ನಾ ಮಗಳನ್ನ ಕೊಟ್ಟಿಲ್ರೀ ಅಳ್ಯಾರ” ಎಂದು ಈರಬಸಪ್ಪನು ಗರ್ಜಿಸಿದನು. “ನಮ್ಮ ಗಿರಾಕಿ ಹೆಸರು ಯಾರದೋ ಮನ್ಯಾಗ ಇಡೂದು, ಮ್ಯಾಲೆ ಅವಗ ತಿಂಗಳಾ ಬಾಡಿಗಿ ಕೊಡೂದು. ನಾಳೆ ಅಂವ ಬಾಡಿಗಿ ಏರಿಸಿದ್ರ? ಲೈನ್ ಕಟ್ಟಾದ್ರ? ನಮ್ಮ ಲೆಕ್ಕ ನೋಡಾಕ ನಾವ ಅವನ ಬಾಗಲಾ ಬಡೀಬೇಕೇನು?”

ಇಬ್ಬರ ಮಾತೂ ನಿಜವೇ ಆಗಿತ್ತು. ಆದರೆ ಒಂದೇ ಕರಪತ್ರದ ಮುಂಬದಿಯನ್ನು ಒಬ್ಬನೂ ಹಿಂಬದಿಯನ್ನು ಇನ್ನೊಬ್ಬನೂ ಓದಿ ಪಂಡಿತರಾದವರು ಹಾಳೆ ತಿರುಗಿಸಿ ನೋಡುವ ಶ್ರಮಕ್ಕೆ ಹೋಗುವುದಿಲ್ಲ. ಕೊನೆಗೆ ಕ್ಲೌಡ್ ಬಂತು. ಸೋತ ಮಾವನು ಒಂದೇ ಷರತ್ತು ಹಾಕಿದನು: ಯಾವ ಹೊಸ ಯಂತ್ರದಿಂದ ಲೆಕ್ಕ ತೆರೆದರೂ ಗುಪ್ತಸಂಖ್ಯೆ ತನ್ನ ಫೋನಿಗೇ ಬರತಕ್ಕದ್ದು. “ಮನಿ ಅವಂದು ಆದ್ರೂ ಕೀಲಿ ನನ್ನ ಕಿಸೇದಾಗ ಇರಲಿ.” ಅಳಿಯನು ಉದಾರವಾಗಿ ಒಪ್ಪಿದನು. ಭದ್ರತೆಯ ವಿಷಯದಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. ಅನಾಹುತವಾದದ್ದೂ ಅದರಿಂದಲೇ.

ಈಗ ಮಹಾನವಮಿಗೆ ಬರೋಣ. ಅಣ್ಣಿಗೇರಿಯ ವಿರೂಪಾಕ್ಷಪ್ಪ ಹತ್ತಿಕಾಳರ ಹತ್ತಿ ಗಿರಣಿಯ ದೊಡ್ಡ ಮೋಟಾರು ಸುಟ್ಟಿತ್ತು. ಹೊಸದು ಸಂಜೆಯ ಖಂಡೇಪೂಜೆಯೊಳಗೆ, ಅಂದರೆ ಆಯುಧಪೂಜೆಯೊಳಗೆ, ಬರಬೇಕೆಂದು ಅವರು ಆಜ್ಞಾಪಿಸಿದ್ದರು. ತಪ್ಪಿದರೆ ಮುಂದಿನ ಖರೀದಿಯೆಲ್ಲ ಗದಗಿನಲ್ಲಿ. ಹಬ್ಬದ ದಿನ ಗಿರಣಿ ತಿರುಗುವುದಿಲ್ಲವಾದ್ದರಿಂದ ಆ ಮೋಟಾರು ಅಂದು ಮಾಡಬೇಕಿದ್ದ ಏಕೈಕ ಕೆಲಸ ಕುಂಕುಮ ಹಚ್ಚಿಸಿಕೊಳ್ಳುವುದು. ಆದರೂ ಹತ್ತಿಕಾಳರು ಅಂಗಡಿಯ ಅತಿದೊಡ್ಡ ಗಿರಾಕಿ. ಮೃತ್ಯುಂಜಯನು ಅವರಿಗೆ ಮಾತು ಕೊಟ್ಟಿದ್ದನು. ಈ ಗಿರಾಕಿ ಹೋದರೆ ಕ್ಲೌಡೂ ಹೋಯಿತು, ಅಳಿಯಂದಿರು ಮರಳಿ ಕೌಂಟರಿನಲ್ಲಿ ನಿಂತು ಫುಟ್‌ವಾಲ್ವ್ ಮಾರಬಹುದು ಎಂದು ಮಾವನು ನೌಕರರೆದುರಿಗೇ ಸಾರಿದ್ದನು.

ಬೆಳಿಗ್ಗೆಯೇ ಈರಬಸಪ್ಪನ ಧರ್ಮಪತ್ನಿ, ಕುಂಕುಮಭರಣಿಹಸ್ತೆ, ಅಪ್ರತಿಹತಶಾಸನೆ ನೀಲಮ್ಮನು ಅಂಗಡಿಯ ಖಂಡೇಪೂಜೆ ನೆರವೇರಿಸಿದ್ದಳು. ತಕ್ಕಡಿ, ನಟ್ಟು ತಿರುಗಿಸುವ ಪಾನಾ, ಮೀಟರು, ಅಂಗಡಿಯ ಕಂಪ್ಯೂಟರುಗಳು, ಎಲ್ಲವೂ ಚೆಂಡುಹೂವಿನಡಿ ಮಲಗಿದವು. ಪೂಜೆಗಿಟ್ಟದ್ದನ್ನು ಮರುದಿನ ಬೆಳಗಿನ ಮಂಗಳಾರತಿಯವರೆಗೆ ಯಾರೂ ಮುಟ್ಟುವಂತಿಲ್ಲ. ಅದು ಆ ಮನೆತನದ ಕಟ್ಟಳೆ.

ಇದನ್ನು ಮೊದಲೇ ಊಹಿಸಿದ್ದ ಮೃತ್ಯುಂಜಯನು ತನ್ನ ಲ್ಯಾಪ್‌ಟಾಪನ್ನು ಪೂಜೆಗಿಡದೆ ಉಳಿಸಿಕೊಂಡಿದ್ದನು. ಮೋಟಾರು ಹೊತ್ತ ಲಾರಿ ಬಾಗಿಲಲ್ಲಿ ನಿಂತಿತ್ತು. ಬಿಲ್ ಒಂದೇ ಬಾಕಿ.

“ನೋಡ್ರೀ ಮಾವಾರ. ಬೇಸಿಕಲಿ, ಅಂಗಡಿ ಕಂಪ್ಯೂಟರ್ ಎಲ್ಲಾ ಮಲಗ್ಯಾವ. ನಿಮ್ಮ ಹಳೇ ಸರ್ವರ್ ಇದ್ದಿದ್ರ ಇವತ್ತ ನಾವು ಕೈ ಕಟ್ಟಿ ಕುಂದ್ರಬೇಕಿತ್ತು. ಕ್ಲೌಡಿಗೆ ಹಬ್ಬಿಲ್ಲ, ಹುಣ್ಣಿವಿಲ್ಲ.”

ಹೀಗೆಂದು ಆ ವೀರನು ಲ್ಯಾಪ್‌ಟಾಪನ್ನು ತೆರೆದು, ಹೆಸರನ್ನೂ ಪಾಸ್‌ವರ್ಡನ್ನೂ ನುಡಿಸಿ, ಕೊನೆಯ ಗುಂಡಿಯನ್ನು ಒತ್ತಿದನು. ಅದುವರೆಗೆ ಅಂಗಡಿಯ ಕಂಪ್ಯೂಟರುಗಳನ್ನಷ್ಟೇ ಬಲ್ಲ ಕ್ಲೌಡು ಈ ಅಪರಿಚಿತ ಯಂತ್ರವನ್ನು ಕಂಡು, ಮಾಲೀಕರ ಫೋನಿಗೆ ಕಳಿಸಿರುವ ಗುಪ್ತಸಂಖ್ಯೆ ಹೇಳೆಂದಿತು.

ಚೆಂಡುಹೂವಿನ ರಾಶಿಯೊಳಗಿಂದ ‘ಟಿಣ್’ ಎಂದು ಸದ್ದಾಯಿತು.

ಎಲ್ಲರೂ ಅತ್ತ ತಿರುಗಿದರು. ಈರಬಸಪ್ಪನು ಅಭ್ಯಾಸಬಲದಿಂದ ಕಿಸೆ ಮುಟ್ಟಿಕೊಂಡನು. ಕಿಸೆ ಖಾಲಿ.

“ಅತ್ತೀರ” ಎಂದನು ಮೃತ್ಯುಂಜಯನು, ಪೂಜೆಯ ಬಳಿ ಕುಳಿತಿದ್ದ ನೀಲಮ್ಮನ ಕಡೆ ತಿರುಗಿ, ದನಿಯನ್ನು ಮೂರು ಮೆಟ್ಟಿಲು ಇಳಿಸಿ. “ಮಾವಾರ ಫೋನ್ ಪೂಜಿಗೆ ಇಟ್ಟೀರೇನ್ರಿ?”

“ಇಡದ ಏನ್ ಮಾಡ್ಲಿ? ದಿನಾ ಪೂರ್ತಿ ಅದನ್ನ ಹಿಡಕೊಂಡ ವ್ಯಾಪಾರ ಮಾಡತಾರ. ಅದ ಅವರ ಆಯುಧ.”

“ಒಂದ ನಂಬರ್ ನೋಡಬೇಕ್ರೀ. ಮುಟ್ಟೂದಿಲ್ಲ, ಬಗ್ಗಿ ನೋಡತೀನಿ ಅಷ್ಟ.”

“ಮಕಾಡಿ ಇಟ್ಟೀನಿ. ನೋಡಬೇಕಂದ್ರ ತಿರುವಬೇಕು, ತಿರುವಬೇಕಂದ್ರ ಮುಟ್ಟಬೇಕು. ನಾಳೆ ಮುಂಜಾನೆ ನೋಡಕೊಳ್ರೀ.”

ಛಲ ಬಿಡದ ಮೃತ್ಯುಂಜಯನು ಮತ್ತೆ ಸಂಖ್ಯೆ ಕೇಳಿದನು. ಹೂವು ಮತ್ತೆ ಟಿಣ್ ಎಂದಿತು. ಕ್ಲೌಡಿನವರ ಸಹಾಯವಾಣಿಗೆ ಕರೆ ಮಾಡಿದನು. ಅವನ ಕರೆ ತಮಗೆ ಅಮೂಲ್ಯವೆಂದು ಯಂತ್ರವೊಂದು ಬಹಳ ಹೊತ್ತು ಹೊಗಳಿದ ಮೇಲೆ ಮನುಷ್ಯಕನ್ಯೆಯೊಬ್ಬಳು ಬಂದು, ನೀವು ನಿಜವಾಗಿಯೂ ಕುಬಸದ ಪಂಪ್ಸಿನವರೇ ಎಂದು ಖಾತ್ರಿಯಾಗಬೇಕು ಸರ್, ಮಾಲೀಕರ ಫೋನಿಗೆ ಒಂದು ಸಂಖ್ಯೆ ಕಳಿಸುತ್ತೇನೆ ಎಂದಳು. ಟಿಣ್. ಸಾಗಣೆಯ ಇ-ವೇ ಬಿಲ್ಲನ್ನು ನೇರವಾಗಿ ಸರ್ಕಾರದ ತಾಣದಲ್ಲೇ ಪಡೆಯೋಣವೆಂದರೆ ಅಲ್ಲಿಗೂ ಕೊಟ್ಟಿದ್ದು ಅದೇ ನಂಬರು.

ಆಗ ಈರಬಸಪ್ಪ ಕುಬಸದನು ಗಾದಿಯಿಂದ ಎದ್ದನು. ಧೋತರದ ಚುಂಗನ್ನು ಕೊಡವಿ, ಅಂಗಡಿಯ ನೌಕರರೆಲ್ಲ ಕೇಳುವಂತೆ ನುಡಿದನು: “ಎಲ್ಲಾರೂ ನೋಡ್ರಿ. ಇದಕ್ಕ ನಾ ಹೇಳಿದ್ದು. ಕಣ್ಣಿಗಿ ಕಾಣಲಾರದ್ದನ್ನ ನಂಬಿದ್ರ ಇದ ಗತಿ. ನನ್ನ ಹಳೇ ಸರ್ವರ್ ಇನ್ನೂ ಜೀವಂತ ಐತಿ. ಅದರಾಗ ಬಿಲ್ ಹೊಡ್ದು, ಮುಂದಿಂದು ಆಮ್ಯಾಲೆ ನೋಡೂಣು. ಹಚ್ರಿ ಅದನ್ನ.”

ನೌಕರರೆಲ್ಲ ಪೂಜೆಯ ಕಡೆ ನೋಡಿದರು. ಬೆಳಿಗ್ಗೆ ಕ್ಲೌಡಿನ ಮೇಲಿನ ಹಟಕ್ಕೆ ಹಳೆಯ ಸರ್ವರನ್ನು ಗೋದಾಮಿನಿಂದ ತರಿಸಿ, ತೊಳೆದು, ಮೂರೆಳೆ ವಿಭೂತಿ ಎಳೆದು, ಪೂಜೆಯ ನಟ್ಟನಡುವೆ ಪ್ರತಿಷ್ಠಾಪಿಸಿದವನು ಅವನೇ.

“ಅದಕ್ಕ ನೀವ ಕಾಯಿ ಒಡದೀರಿ” ಎಂದಳು ನೀಲಮ್ಮ.

ಪಿತಾಮಹನು ಮತ್ತೆ ಕುಳಿತನು. ಕೈಬರಹದ ಚೀಟಿ ಕೊಟ್ಟು ಲಾರಿ ಕಳಿಸೋಣವೆಂದರೆ ಚಾಲಕ ದಾದಾಪೀರನು ಒಪ್ಪಲಿಲ್ಲ. “ದಾರ್ಯಾಗ ಟ್ಯಾಕ್ಸಿನವ್ರು ಹಿಡದ್ರ ನಿಲ್ಲೂದು ನನ್ನ ಗಾಡಿ ಸಾವ್ಕಾರ್ರ. ನಿಮ್ಮ ಕ್ಲೌಡ್ ಬಂದು ಬಿಡಿಸ್ಕೊಂಡು ಹೋಗೂದಿಲ್ಲ.”

ನಾಲ್ಕು ಗಂಟೆಗೆ ಮೃತ್ಯುಂಜಯನು ಲ್ಯಾಪ್‌ಟಾಪ್ ಮುಚ್ಚಿದನು. ಫುಟ್‌ವಾಲ್ವ್ ಕೌಂಟರಿನ ಕಡೆ ಒಮ್ಮೆ ನೋಡಿ, ಶಸ್ತ್ರತ್ಯಾಗ ಮಾಡಿದ ಮಹಾರಥಿಯ ಗಾಂಭೀರ್ಯದಿಂದ ತನ್ನ ಫೋನೆತ್ತಿ ಹತ್ತಿಕಾಳರಿಗೆ ಕರೆ ಮಾಡಿದನು. ಮೋಟಾರು ಇಂದು ಬರಲಾರದು, ತಪ್ಪು ತನ್ನದೇ ಎಂದು ತಡವರಿಸುತ್ತ ಹೇಳಿದನು. ಆ ಹೊತ್ತಿನಲ್ಲಿ ಅವನ ಬಾಯಲ್ಲಿ ಒಂದು ಬೇಸಿಕಲಿಯೂ ಬರಲಿಲ್ಲ.

“ಚಲೋ ಆತು ಬಿಡ್ರಿ” ಎಂದರು ಹತ್ತಿಕಾಳರು. ಬಾಯಲ್ಲಿ ಏನೋ ಅಗಿಯುತ್ತಿದ್ದರು. “ನಮ್ಮಾಕಿ ಗಿರಣಿ ಗೇಟಿನ ಕೀಲಿಯನ್ನ ಪೂಜಿಗೆ ಇಟ್ಟಬಿಟ್ಟಾಳ. ನಿಮ್ಮ ಲಾರಿ ಬಂದಿದ್ರ ಹೊರಗ ನಿಂದ್ರತಿತ್ತು. ಸಂಜೀತನಕಾ ಕಾಯಲಾರದ ಸುಟ್ಟ ಮೋಟರಿಗೇ ಹೂವ ಏರಿಸೇವಿ. ಹೊಸಾದು ನಾಳೆ ಕಳಸ್ರಿ.”

ಈ ಸುದ್ದಿಯಿಂದ ಇಬ್ಬರು ವೀರರಿಗೂ ಏಕಕಾಲಕ್ಕೆ ಜೀವ ಬಂತು. ಕ್ಲೌಡ್ ಗೆದ್ದಿತೆಂದು ಅಳಿಯನೂ, ಸೋತಿತೆಂದು ಮಾವನೂ ಹೋಳಿಗೆ ತಿನ್ನುತ್ತ ಕತ್ತಲಾಗುವವರೆಗೆ ವಾದಿಸಿದರು.

ಮರುದಿನ ಮಂಗಳಾರತಿಯ ಬಳಿಕ ಫೋನನ್ನು ಹೂವಿನಿಂದ ಹೊರತೆಗೆದಾಗ ಅದರ ಬ್ಯಾಟರಿ ಖಾಲಿಯಾಗಿತ್ತು. ಚಾರ್ಜಿಗೆ ಹಾಕಿ ಇಬ್ಬರೂ ಚಹಾ ಕುಡಿದರು. ಲಾರಿ ಹತ್ತು ಗಂಟೆಗೆ ಅಣ್ಣಿಗೇರಿಗೆ ಹೊರಟಿತು.