ಬೇಗ ಬೇಗ ಶಾಂತರಾಗಿ

ಸುಮ್ಮನೆ ಕೂರುವುದು ನನಗೆ ಒಲಿಯದ ವಿದ್ಯೆ. ಕೂತರೂ ಕಾಲು ಅಲ್ಲಾಡುತ್ತಲೇ ಇರುತ್ತದೆ. ಹಾಲು ಕಾಯುವಷ್ಟು ಹೊತ್ತೂ ತಾಳಲಾರದೆ ಒಲೆಯ ಮುಂದೆ ನಿಂತು ಅದನ್ನು ಬೈಯುತ್ತೇನೆ. ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವುದು ಐದು ನಿಮಿಷ ತಡವಾದರೆ, ನಾನೇ ಹೋಗಿ ಹಾರನ್ ಒತ್ತಿಬಿಡಲೇ ಅನ್ನಿಸುತ್ತದೆ. ನಮ್ಮನೆಯವರು ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವವರು. ನನ್ನ ಪಕ್ಕ ಊಟಕ್ಕೆ ಕೂತರೆ ಅವರಿಗೆ ಇನ್ನೂ ಮಿಲ್ಲಿನಲ್ಲೇ ಇದ್ದಂತೆ ಆಗುತ್ತದಂತೆ. ಇಂಥ ನನ್ನನ್ನು ಇಲಾಖೆಯವರು ಹುಡುಕಿ ಹುಡುಕಿ, ಮಕ್ಕಳಿಗೆ ಸಮಾಧಾನ ಕಲಿಸುವ ಟೀಚರನ್ನಾಗಿ ಮಾಡಿದರು. ಹುಡುಕಿ ಎಂದೆನಲ್ಲ, ಅದು ಸುಳ್ಳು. ಹೆಸರು ಆರಿಸಲು ಟೀಚರುಗಳನ್ನು ಕರೆದ ಮೀಟಿಂಗಿನ ದಿನ ಬಸ್ಸು ತಪ್ಪಿ ತಡವಾಗಿ ಹೋದವಳು ನಾನೊಬ್ಬಳೇ. ಎದುರಿಗೆ ಇಲ್ಲದವರ ಹೆಸರು ಬರೆದುಕೊಳ್ಳುವುದು ಎಲ್ಲರಿಗೂ ಸುಲಭ.

ಮೂರು ದಿನದ ತರಬೇತಿಯೂ ಆಯಿತು. ಸಿಟ್ಟು ಬಂದಾಗ ನಾಲ್ಕು ಎಣಿಸುತ್ತ ಉಸಿರು ಎಳೆದುಕೊಳ್ಳಬೇಕು, ನಾಲ್ಕು ಎಣಿಸುತ್ತ ಬಿಡಬೇಕು ಎಂದರು. ಉಳಿದವರು ಒಂದು ಸಲ ಮುಗಿಸುವುದರೊಳಗೆ ನಾನು ಮೂರು ಸಲ ಮುಗಿಸಿ ಆಚೀಚೆ ನೋಡುತ್ತಿದ್ದೆ. ಪ್ರತಿ ಶಾಲೆಯಲ್ಲೂ ಒಂದು ಸಮಾಧಾನದ ಮೂಲೆ ಇರಬೇಕಂತೆ. ಜಗಳವಾಡಿದ ಮಕ್ಕಳು ಅಲ್ಲಿ ಎದುರುಬದುರು ಕೂರಬೇಕು. ‘ನೀನು ಹಿಂಗೆ ಮಾಡಿದೆ’ ಅನ್ನುವ ಬದಲು ‘ನನಗೆ ಹಿಂಗನ್ನಿಸ್ತು’ ಅನ್ನಬೇಕು. ಟೀಚರು ತೀರ್ಪು ಕೊಡಬಾರದು, ಬರೀ ಕೇಳಿಸಿಕೊಳ್ಳಬೇಕು. ಎಲ್ಲವನ್ನೂ ಬರೆದುಕೊಂಡೆ. ಕೊನೆಯದರ ಕೆಳಗೆ ಗೆರೆಯನ್ನೂ ಎಳೆದೆ. ತರಬೇತಿ ಮುಗಿಸಿ ಮನೆಗೆ ಬರುವಾಗ ಆಟೋದವನು ಇನ್ನೊಬ್ಬರನ್ನು ಹತ್ತಿಸಿಕೊಳ್ಳಲು ನಿಂತ ಎಂದು ಅವನ ಜೊತೆ ದೊಡ್ಡ ಜಗಳವನ್ನೇ ಮಾಡಿದೆ. ಅದನ್ನು ಎಲ್ಲೂ ಬರೆದುಕೊಳ್ಳಲಿಲ್ಲ.

ನನ್ನ ಶಾಲೆ ಇರುವುದು ಮೊಳಕಾಲ್ಮೂರು ದಾಟಿ, ದೇವಸಮುದ್ರದ ಕಡೆ. ಅರ್ಧ ಮಕ್ಕಳು ರೇಷ್ಮೆ ಸೀರೆ ನೇಯುವವರ ಮನೆಯವರು, ಇನ್ನರ್ಧ ಕುರಿ ಕಾಯುವವರ ಮನೆಯವರು. ಮೂಲೆ ಗುಡಿಸಿದ್ದಾಯಿತು, ಆದರೆ ಹಾಸಲು ಏನೂ ಇರಲಿಲ್ಲ. ಶಾಲೆಯ ಜಮಖಾನವನ್ನು ಇಲಿಗಳು ಮೊದಲೇ ಮುಗಿಸಿದ್ದವು. ಆರನೇ ಕ್ಲಾಸಿನ ಕಾಟಮ್ಮನ ತಾತ, ಕುರಿ ಮಂದೆಯ ಯಜಮಾನ, ತಾನಾಗಿ ಒಂದು ಕರೀ ಕಂಬಳಿ ತಂದುಕೊಟ್ಟರು. ಕೊಡುವಾಗ, “ನಮ್ಮಲ್ಲಿ ನ್ಯಾಯ ಮಾಡಕ್ಕೆ ಇದನ್ನೇ ಹಾಸೋದು ಟೀಚರಮ್ಮ. ಇದರ ಮ್ಯಾಲೆ ಕುಂತೋರು ಸುಳ್ಳಾಡಂಗಿಲ್ಲ. ಹುಡುಗ್ರಿಗೆ ಅದೊಂದು ಹೇಳ್ರಿ” ಎಂದರು. ಹೇಳುತ್ತೇನೆ ಎಂದೆ, ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಮಕ್ಕಳಿಗೆಲ್ಲ ಅದು ಮೊದಲೇ ಗೊತ್ತಿತ್ತು. ಅದರ ತೂಕ ಗೊತ್ತಿಲ್ಲದವಳು ನಾನೊಬ್ಬಳೇ.

ಕಂಬಳಿ ಬಂದ ಮೇಲೆ ಮೂಲೆಗೆ ಎಲ್ಲಿಲ್ಲದ ಬೇಡಿಕೆ ಬಂತು. ರಬ್ಬರು ಕದ್ದವರು, ಅಡ್ಡಹೆಸರು ಹಿಡಿದು ಕರೆದವರು, ಮಧ್ಯಾಹ್ನದ ಊಟದ ಸಾಲಿನಲ್ಲಿ ನುಗ್ಗಿದವರು, ಎಲ್ಲರೂ ಹೊರಗೆ ಚಪ್ಪಲಿ ಬಿಟ್ಟು, ಅದರ ಮೇಲೆ ಕೂತು, ನಿಧಾನವಾಗಿ ನಿಜ ಹೇಳತೊಡಗಿದರು. ಎಷ್ಟು ನಿಧಾನವೆಂದರೆ ಗಣಿತದ ಪೀರಿಯಡ್ಡು ಪೂರಾ ಹೋಗುತ್ತಿತ್ತು. ನಾನು ಫೋನಿನಲ್ಲಿ ಐದು ನಿಮಿಷದ ಅಲಾರಂ ಇಟ್ಟೆ. ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತ, “ಬೇಗ ಬೇಗ ಶಾಂತರಾಗ್ರಿ” ಎನ್ನುತ್ತಿದ್ದೆ. ಈ ಮಾತಿನಲ್ಲಿ ಏನೋ ಎಡವಟ್ಟಿದೆ ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಒಂದು ಸಂಜೆ ಕಾಟಮ್ಮನೂ ಲಾವಣ್ಯಳೂ ಬಂದು ಕೂತರು. ಲಾವಣ್ಯ ನೇಕಾರರ ಹುಡುಗಿ, ಸಿಟ್ಟು ಬಂದರೆ ಕನ್ನಡ ಬಿಟ್ಟು ತೆಲುಗಿಗೆ ಹೊರಳುವವಳು. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನ ಗೆಳತಿಯರು. ಅವತ್ತು ಲಾವಣ್ಯ ಎಲ್ಲರೆದುರು ‘ನಿನ್ನ ಹತ್ರ ಕುರಿ ವಾಸ್ನೆ ಬರ್ತೈತೆ’ ಅಂದಿದ್ದಳು, ಕಾಟಮ್ಮ ಅವಳ ನೋಟ್‌ಬುಕ್ಕು ಹರಿದಿದ್ದಳು. ನಾಲ್ಕೂ ಇಪ್ಪತ್ತೈದಾಗಿತ್ತು. ನನ್ನ ಬಸ್ಸು ನಾಲ್ಕೂವರೆಗೆ, ಅದು ತಪ್ಪಿದರೆ ಮುಂದಿನದು ಆರಕ್ಕೆ. ಕಾಟಮ್ಮ ಬಾಯಿ ತೆರೆಯುವ ಮೊದಲೇ, ಇಬ್ಬರೂ ‘ನನಗೇನೂ ಬೇಜಾರಿಲ್ಲ’ ಅಂದುಬಿಡಿ, ಕೈ ಕುಲುಕಿ ಎಂದೆ. ಅಂದರು, ಕುಲುಕಿದರು. ಮೂಲೆಯ ರಿಜಿಸ್ಟರಿನಲ್ಲಿ ‘ಬಗೆಹರಿದಿದೆ’ ಎಂದು ಬರೆದು ಓಡಿದೆ. ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ದಾರಿಯಲ್ಲಿ ತಳಕು ಊರು ಬರುವವರೆಗೂ ನನ್ನ ಬಗ್ಗೆ ನನಗೆ ಬಹಳ ಮೆಚ್ಚುಗೆಯಿತ್ತು.

ಮರುದಿನ ಕಾಟಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. ಜ್ವರವಿರಬೇಕು ಎಂದುಕೊಂಡೆ. ಮೂರನೆಯ ದಿನ ಮಧ್ಯಾಹ್ನ ಅವಳ ಮನೆಗೇ ಹೋದೆ. ಹುಡುಗಿ ನನ್ನನ್ನು ಕಂಡು ಒಳಗೆ ಹೋದಳು. ಸೋಮವಾರ ಕುರಿಗಳನ್ನು ಆಂಧ್ರದ ಕಡೆ ಹೊಡೆದುಕೊಂಡು ಹೊರಡುವ ತಯಾರಿಯಲ್ಲಿದ್ದ ತಾತ ನನಗೆ ಕೂರಲು ಜಾಗ ತೋರಿಸಿ, ಬೇಸರವಿಲ್ಲದ ದನಿಯಲ್ಲೇ ಹೇಳಿದರು:

“ನೀವು ಅನ್ನು ಅಂದ್ರಿ ಅಂತ ಕಂಬ್ಳಿ ಮ್ಯಾಲೆ ಕುಂತು ಸುಳ್ಳು ಹೇಳಿದ್ಲಂತೆ. ಇನ್ನ ಯಾವ ಮಖ ಇಟ್ಕೊಂಡು ಇಸ್ಕೂಲಿಗೆ ಹೋಗ್ಲಿ, ಕುರಿ ಹಿಂದೆ ಬರ್ತೀನಿ ಅಂತ ಕುಂತೈತೆ ಕೂಸು.”

ಆ ಮಂದೆಯ ಹಿಂದೆ ಹೋದ ಹುಡುಗಿಯರು ಮತ್ತೆ ಬೆಂಚಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಇದಕ್ಕೇನು ದಾರಿ ಎಂದು ಕೇಳಿದೆ. ಸುಳ್ಳು ಆಡಿಸಿದವರು ಅದೇ ಕಂಬಳಿಯ ಮೇಲೆ ಕೂತು ನಿಜ ಹೇಳಿದರೆ ಆಡಿದವರ ತಪ್ಪು ಹೋಗುತ್ತದೆ ಎಂದರು. ಇಪ್ಪತ್ತು ವರ್ಷ ಮಕ್ಕಳನ್ನು ತಪ್ಪಿಗೆ ನಿಲ್ಲಿಸಿದ್ದೇನೆ, ನನ್ನನ್ನು ಕೂರಿಸಿದ್ದು ಇದೇ ಮೊದಲು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಚಪ್ಪಲಿ ಬಿಟ್ಟು ಕೂತೆ. ಉಣ್ಣೆ ಚುಚ್ಚುತ್ತದೆ, ಮಂಡಿ ನೋಯುತ್ತದೆ. ತಾತ ಕಾಟಮ್ಮನನ್ನು ಕರೆತಂದು ತಾವು ಹೊರಗೆ ನಿಂತರು. ಎದುರಿಗೆ ಕೂತಿದ್ದ ಲಾವಣ್ಯ ನಾನು ಕಲಿಸಿದಂತೆಯೇ, ನನಗಿಂತ ಚೆನ್ನಾಗಿ, ಟೀಚರ್ ಅವತ್ತು ನಿಮಗೆ ಏನನ್ನಿಸ್ತು ಎಂದು ಕೇಳಿದಳು. ನಿಮ್ಮ ಜಗಳಕ್ಕಿಂತ ನನಗೆ ಬಸ್ಸಿನ ಚಿಂತೆಯೇ ದೊಡ್ಡದಾಗಿತ್ತು, ಅದಕ್ಕೆ ನಿಮ್ಮಿಂದ ಸುಳ್ಳು ಹೇಳಿಸಿದೆ ಎಂದೆ. ಹೇಳಿದ ಮೇಲೆ ನಾಚಿಕೆಯಿಂದ ಸೆರಗಿನ ತುದಿ ಸುತ್ತುತ್ತ ಕೂತೆ.

ಈ ಸಲ ಅವಸರ ಮಾಡಲಿಲ್ಲ, ಸೀರೆಯೊಳಗೆ ಕಾಲಿನ ಹೆಬ್ಬೆರಳು ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಕೊನೆಗೆ ಕಾಟಮ್ಮ ನೆಲ ನೋಡುತ್ತ, “ನಮ್ಮನಿಗೆ ಬಂದು ಮರಿ ಎತ್ಕೊಂಡು ಮುದ್ದು ಮಾಡ್ತಿದ್ಲಲ್ಲ, ಅವಾಗ ವಾಸ್ನೆ ಬರ್ಲಿಲ್ಲೇನು? ನಂಗೆ ಅದಕ್ಕೆ ಅಳು ಬಂತು” ಎಂದಳು. ಲಾವಣ್ಯ ಅರ್ಧ ತೆಲುಗಿನಲ್ಲಿ, ಅರ್ಧ ಅಳುವಿನಲ್ಲಿ, ಬೇರೆ ಹುಡುಗಿಯರು ನಿನ್ನನ್ನು ನೋಡಿ ನಗುತ್ತಿದ್ದರು, ನಿನ್ನ ಪಕ್ಕ ಕೂರುವ ನನ್ನನ್ನೂ ನೋಡಿ ನಗುತ್ತಾರೆ ಅಂತ ಹೆದರಿಕೆಯಾಯ್ತು ಎಂದಳು. ಇಬ್ಬರೂ ಸರಿದು ಸರಿದು ಹತ್ತಿರವಾದರು. ಸೋಮವಾರ ಶಾಲೆಗೆ ಬರ್ತೀಯಾ ಎಂದು ಲಾವಣ್ಯ ಕೇಳಿದಳು. ಬರ್ತೀನಿ ಎಂದಳು ಕಾಟಮ್ಮ. ಕಂಬಳಿಯ ಮೇಲೆ ಕೂತೇ ಹೇಳಿದಳು, ಹಾಗಾಗಿ ನನಗೆ ಅನುಮಾನ ಉಳಿಯಲಿಲ್ಲ. ಕಣ್ಣೊರೆಸಿಕೊಂಡೆ.

ಆ ಹೊತ್ತಿಗೇ ರಸ್ತೆಯಲ್ಲಿ ನಾಲ್ಕೂವರೆ ಬಸ್ಸು ಎರಡು ಸಲ ಹಾರನ್ ಹಾಕಿ, ಯಾರೂ ಬಾರದ್ದು ಕಂಡು ಹೊರಟುಹೋಯಿತು. ಕಾಟಮ್ಮ ತಲೆಯೆತ್ತಿ, “ಬಸ್ ಹೋಯ್ತು ಟೀಚರ್. ಬೇಜಾರಾಯ್ತಾ?” ಎಂದು ಕೇಳಿದಳು.

ಛೆ ಛೆ, ಏನೂ ಇಲ್ಲವ್ವ ಎನ್ನಲು ಬಾಯಿ ತೆರೆದೆ. ಯಾವುದರ ಮೇಲೆ ಕೂತಿದ್ದೇನೆಂದು ನೆನಪಾಯಿತು.

“ಆಯ್ತು ಕಣವ್ವ” ಎಂದೆ, “ಬಹಳ ಆಯ್ತು.”