ಹತ್ತೊಂಬತ್ತು ಮತಗಳ ಮನಸ್ಸನ್ನು ಓದಿದ ಮಹನೀಯರಿಗೆ

ಏಕ್‌ಲುಂಡಾ ಬಡಾವಣೆ, ಗೋಥೆನ್‌ಬರ್ಗ್, ಸ್ವೀಡನ್
೨೩ ಆಗಸ್ಟ್ ೨೦೦೯

ಚುನಾವಣಾ ವಿಶ್ಲೇಷಕರೂ, ವಾರಪತ್ರಿಕೆಯ ಅಂಕಣಕಾರರೂ, ಮತದಾರರ ಅಂತರಂಗವನ್ನು ಬಲ್ಲವರೂ ಆದ ಶ್ರೀ ಬೆಂಗ್ಟ್ ವಿಕ್‌ಮಾರ್ಕ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಬೇಸಿಗೆಯ ರಜೆಯನ್ನು ಯಾವುದಾದರೊಂದು ದ್ವೀಪದಲ್ಲಿ ಸುಖವಾಗಿ ಕಳೆದು, ಬಿಸಿಲಿಗೆ ಮೈ ಕೆಂಪಗಾಗಿಸಿಕೊಂಡು, ಸಕುಟುಂಬರಾಗಿ ಕುಶಲದಿಂದ ಮರಳಿದ್ದೀರಿ ಎಂಬ ಭರವಸೆಯಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಪತ್ರ ಕನ್ನಡದಲ್ಲಿದೆ. ತಮಗೆ ಕನ್ನಡ ಬರುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ನಮ್ಮಲ್ಲಿ ಒಬ್ಬರನ್ನೂ ಮಾತನಾಡಿಸದೆ ನಮ್ಮ ಮನಸ್ಸಿನಲ್ಲಿರುವುದನ್ನು ಒಂದೂವರೆ ಪುಟದಷ್ಟು ವಿವರಿಸಿದ ತಮಗೆ, ಅಕ್ಷರ ತಿಳಿಯದ ಪತ್ರವೊಂದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗಲಾರದು. ಆದ್ದರಿಂದ ಇದನ್ನು ನಮ್ಮ ಕನ್ನಡ ಕೂಟದ ಸಂಚಿಕೆಗೆ ಕೊಟ್ಟು, ತಮ್ಮ ಅಂತರ್ದೃಷ್ಟಿಗೆ ಬಿಟ್ಟಿದ್ದೇನೆ.

ಮುಖ್ಯ ಚುನಾವಣೆಗೆ ಇನ್ನೂ ಒಂದು ವರ್ಷ ಇರುವಾಗ, ಕಳೆದ ಜೂನ್ ಏಳರ ಭಾನುವಾರ, ಯುರೋಪಿನ ಪಾರ್ಲಿಮೆಂಟಿಗೆ ನಡೆದ ಮತದಾನದ ಬಗ್ಗೆ ತಾವು ಬರೆದ ‘ಕಾಗದಕ್ಕೆ ವಿದಾಯ ಹೇಳಿದ ಬಡಾವಣೆ’ ಎಂಬ ಅಂಕಣವನ್ನು ನಾನು ನಾಲ್ಕು ಸಲ ಓದಿದೆ. ಪಕ್ಕದ ಮತಗಟ್ಟೆಯಲ್ಲಿ ಮತದಾರರ ಸಂಖ್ಯೆ ನಮ್ಮಷ್ಟೇ. ಅಲ್ಲಿ, ಅಂತರ್ಜಾಲದಲ್ಲಿ ಹಾಡು, ಸಿನಿಮಾ, ಪುಸ್ತಕ ಎಲ್ಲವೂ ಎಲ್ಲರಿಗೂ ಬಿಟ್ಟಿ ಸಿಗಲಿ ಎನ್ನುವ ಹೊಸ ಪಕ್ಷಕ್ಕೆ ಬಿದ್ದ ಮತ ನಲವತ್ತೊಂದು. ನಮ್ಮ ಏಕ್‌ಲುಂಡಾದಲ್ಲಿ ಅರವತ್ತು. ಈ ಹತ್ತೊಂಬತ್ತರ ವ್ಯತ್ಯಾಸವನ್ನು ತಾವು ‘ಸದ್ದಿಲ್ಲದ ಕ್ರಾಂತಿ’ ಎಂದು ಕರೆದಿರಿ. ವಲಸೆ ಬಂದ ಎಂಜಿನಿಯರುಗಳು ಹಳೆಯ ಪಕ್ಷಗಳಿಂದ ಕಳಚಿಕೊಳ್ಳುತ್ತಿದ್ದಾರೆ, ಅವರಿಗೆ ಇನ್ನು ಮುದ್ರಿತ ಪುಟ ಬೇಡ, ಮುಂದಿನ ವರ್ಷದ ಗಾಳಿ ಯಾವ ಕಡೆಗೆಂದು ಈ ಪುಟ್ಟ ಮತಗಟ್ಟೆ ಈಗಲೇ ಹೇಳುತ್ತಿದೆ ಎಂದು ಬರೆದಿರಿ. ನಮ್ಮ ಕಡೆ ಹಲ್ಲಿ ಲೊಚಗುಟ್ಟಿದ ದಿಕ್ಕನ್ನು ನೋಡಿ ಮದುವೆಯ ಮಾತುಕತೆಯನ್ನು ಮುಂದೂಡುವ ಹಿರಿಯರಿದ್ದರು. ಆದರೆ ಹಲ್ಲಿಗೆ ಹಳೆಯ ಪಕ್ಷಗಳ ಮೇಲೆ ಬೇಸರ ಬಂದಿದೆ ಎಂದು ಅವರು ಎಂದೂ ಹೇಳಲಿಲ್ಲ. ತಮ್ಮ ವಿದ್ಯೆ ಅವರಿಗಿಂತ ಮುಂದಿದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಪತ್ರ ಬರೆಯುವವನಲ್ಲ. ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಹದಿಮೂರು ವರ್ಷ ಬ್ರೇಕುಗಳ ಪರೀಕ್ಷೆ ಮಾಡುತ್ತ ಬಂದಿರುವ ನನಗೆ, ಯಾವುದನ್ನಾದರೂ ನಿಲ್ಲಿಸುವುದು ಅಭ್ಯಾಸವೇ ಹೊರತು ಆರಂಭಿಸುವುದಲ್ಲ. ಆದರೆ ಈ ತಿಂಗಳು ನಮ್ಮ ಬಡಾವಣೆಯ ಸಮಿತಿಯವರು ಏಕ್‌ಲುಂಡಾದ ಶಾಖಾ ಗ್ರಂಥಾಲಯವನ್ನು ಡಿಸೆಂಬರಿನಲ್ಲಿ ಮುಚ್ಚುವ ಪ್ರಸ್ತಾವವನ್ನು ಹೊರಡಿಸಿದ್ದಾರೆ. ಅದರ ಮೂರನೆಯ ಪುಟದಲ್ಲಿ, ‘ನಿವಾಸಿಗಳ ಬದಲಾದ ಒಲವು’ ಎಂಬ ತಲೆಬರಹದ ಕೆಳಗೆ, ಆಧಾರವಾಗಿ ಇರುವುದು ತಮ್ಮ ಅಂಕಣ. ಸಮಿತಿಯ ಸಭೆ ಸೆಪ್ಟೆಂಬರ್ ಹದಿನಾರಕ್ಕೆ.

ಆ ಗ್ರಂಥಾಲಯದ ಕಿಟಕಿಯ ಪಕ್ಕದ ಕಪಾಟಿನಲ್ಲಿ ಹಂಗೇರಿಯ, ಜಪಾನಿನ, ಪೋರ್ಚುಗಲ್ಲಿನ ಕಾದಂಬರಿಗಳು ಸ್ವೀಡಿಷ್ ಅನುವಾದದಲ್ಲಿವೆ. ನಾನು ಈ ದೇಶದ ಭಾಷೆಯನ್ನು ಕಲಿತದ್ದು ಅವುಗಳಿಂದ. ಹನ್ನೊಂದು ವರ್ಷಗಳಿಂದ ಪ್ರತಿ ಗುರುವಾರ ಸಂಜೆ ಅಲ್ಲಿಗೆ ಹೋಗುತ್ತೇನೆ. ಗ್ರಂಥಪಾಲಕಿ ಶೆಷ್ಟಿನ್ ಅವರಿಗೂ ನನಗೂ ಈ ಹನ್ನೊಂದು ವರ್ಷಗಳಲ್ಲಿ ನಡೆದಿರುವ ಮಾತನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆಯಬಹುದು, ಮತ್ತು ನಾವಿಬ್ಬರೂ ಅದನ್ನು ಗೆಳೆತನ ಎಂದು ಭಾವಿಸಿದ್ದೇವೆ. ಕಳೆದ ಗುರುವಾರ ಅವರು ಆ ಕಾರ್ಡಿಗೆ ಒಂದು ಸಾಲು ಸೇರಿಸಿದರು: “ನಿಮ್ಮವರಿಗೆ ಇನ್ನು ಪುಸ್ತಕ ಬೇಡವಂತಲ್ಲ, ಪತ್ರಿಕೆಯಲ್ಲಿ ಓದಿದೆ.” ನಾನು ಉತ್ತರ ಕೊಡಲಿಲ್ಲ. ಕೊಡಬೇಕಾಗಿದ್ದ ಉತ್ತರ ಇಲ್ಲಿದೆ.

ಆ ಭಾನುವಾರ ಮಧ್ಯಾಹ್ನ ನಮ್ಮ ಕನ್ನಡ ಕೂಟದ ಊಟವಿತ್ತು. ಬಿಸಿಬೇಳೆಬಾತ್, ಕೋಸಂಬರಿ, ಪಾಯಸ. ಊಟವಾದ ಮೇಲೆ ಸ್ವೀಡನ್ನಿನ ಪೌರತ್ವ ಪಡೆದಿರುವ ನಾವು ಹತ್ತೊಂಬತ್ತು ಮಂದಿ, ದಿಬ್ಬಣ ಹೊರಟಂತೆ, ಎದುರಿನ ಶಾಲೆಯ ಮತಗಟ್ಟೆಗೆ ನಡೆದೆವು. ಇನ್ನೂ ವರ್ಕ್ ಪರ್ಮಿಟ್ಟಿನ ಮೇಲಿರುವ, ಮತವೇ ಇಲ್ಲದ ಯೋಗೀಶ ಕೂಡ ಬಂದ; ಒಬ್ಬನೇ ಕೂತರೆ ಪಾತ್ರೆ ತೊಳೆಯಬೇಕಾಗುತ್ತದೆ ಎಂಬುದು ಅವನ ರಾಜಕೀಯ ನಿಲುವಾಗಿತ್ತು.

ಈ ದೇಶದ ಪದ್ಧತಿ ತಮಗೆ ಗೊತ್ತೇ ಇದೆ. ಒಂದೊಂದು ಪಕ್ಷಕ್ಕೆ ಒಂದೊಂದು ಚೀಟಿ. ಮತಗಟ್ಟೆಯ ಹೊರಗೆ ಪಕ್ಷಗಳ ಕಾರ್ಯಕರ್ತರು ನಿಂತು ತಮ್ಮ ತಮ್ಮ ಚೀಟಿಗಳನ್ನು ಹಂಚುತ್ತಾರೆ. ಬೇಕಾದವರು ಬೇಕಾದ್ದನ್ನು ತೆಗೆದುಕೊಂಡು, ಪರದೆಯ ಹಿಂದೆ ಹೋಗಿ, ಒಂದನ್ನು ಲಕೋಟೆಯೊಳಗೆ ಇಡುತ್ತಾರೆ. ನಿಮ್ಮವರು ಬೇಡದ ಚೀಟಿಯನ್ನು ನೋಡದವರಂತೆ ದಾಟಿ ಹೋಗುತ್ತಾರೆ. ನಮಗೆ ಅದು ಸಾಧ್ಯವಿಲ್ಲ. ಕೈ ನೀಡಿ ಕೊಟ್ಟದ್ದನ್ನು ಬೇಡ ಎನ್ನುವುದನ್ನು ನಮಗೆ ಯಾರೂ ಕಲಿಸಿಲ್ಲ. ನನ್ನ ಹೆಂಡತಿ ಶೋಭನಾ, ಅರಿಶಿನ ಕುಂಕುಮ ತೆಗೆದುಕೊಳ್ಳುವಷ್ಟೇ ವಿನಯದಿಂದ, ಬಲಗೈ ಮುಂದೆ ಮಾಡಿ ಏಳು ಪಕ್ಷಗಳ ಚೀಟಿಗಳನ್ನು ಸ್ವೀಕರಿಸಿದಳು. ಪರಸ್ಪರ ವೈರಿಗಳಾದ ಇಬ್ಬರು ಕಾರ್ಯಕರ್ತರಿಗೆ ಒಂದೇ ನಗು ಕೊಟ್ಟಳು. ಯೋಗೀಶನೂ ಏಳು ತೆಗೆದುಕೊಂಡ. ಆ ವಾರ ಅವನ ಮನೆಯ ಸಾಮಾನಿನ ಪಟ್ಟಿಗಳೆಲ್ಲ ಪ್ರಜಾಪ್ರಭುತ್ವದ ಬೆನ್ನ ಮೇಲೆ ಬರೆಯಲ್ಪಟ್ಟವು.

ಸಾಲಿನ ಕೊನೆಯಲ್ಲಿ, ಆ ಹೊಸ ಪಕ್ಷದ ಚೀಟಿಗಳ ಕಟ್ಟನ್ನು ಎದೆಗವಚಿಕೊಂಡು, ನಮ್ಮ ಪಕ್ಕದ ಮನೆಯ ಮಾಲತಿಯವರ ಮಗಳು ಇರಾ ನಿಂತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ. ನಮ್ಮೆಲ್ಲರ ಕಣ್ಣೆದುರೇ ಬೆಳೆದವಳು.

“ಅಯ್ಯೋ, ನಮ್ಮ ಇರಾ ಅಲ್ವೇನ್ರೀ ಅದು! ಎಷ್ಟ್ ಹೊತ್ತಿಂದ ನಿಂತಿದಾಳೋ ಪಾಪ, ಜಾಕೆಟ್ ಕೂಡ ಹಾಕ್ಕೊಂಡಿಲ್ಲ,” ಎಂದಳು ಶೋಭನಾ. ಅಲ್ಲಿಗೆ ಯುರೋಪಿನ ಭವಿಷ್ಯ ತೀರ್ಮಾನವಾಯಿತು.

ಆ ಪಕ್ಷ ಯಾವುದು, ಅದು ಏನು ಹೇಳುತ್ತದೆ ಎಂದು ಒಬ್ಬರೂ ಕೇಳಲಿಲ್ಲ. “ಪುಟ್ಟಿ, ನಿಂಗೇ ಕಣೆ ನಮ್ಮ ವೋಟು,” ಎಂದರು ನಮ್ಮ ಗುಂಪಿನ ಊರ್ಮಿಳಾ. ಅವರ ಗಂಡ, ನಾಲ್ಕು ವರ್ಷಗಳಿಂದ ಇನ್ನೊಂದು ಪಕ್ಷದ ಸದಸ್ಯತ್ವದ ಕಾರ್ಡನ್ನು ಕಿಸೆಯಲ್ಲಿ ಇಟ್ಟುಕೊಂಡಿರುವವರು, ಆ ಕಾರ್ಡಿನ ಪಕ್ಕದಲ್ಲೇ ಇರಾಳ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು ಒಳಗೆ ಹೋದರು. ಹುಡುಗಿ ಏನನ್ನೋ ಹೇಳಲು ಎರಡು ಸಲ ಬಾಯಿ ತೆರೆದಳು. ಶೋಭನಾ ಎರಡು ಸಲವೂ ಅವಳಿಗೆ ಪಾಯಸ ಎತ್ತಿಟ್ಟಿರುವ ವಿಷಯ ಹೇಳಿದಳು.

ಎರಡು ವಾರಗಳ ನಂತರ ತಮ್ಮ ಅಂಕಣ ಬಂದಾಗ, ಮಾಲತಿಯವರ ಮನೆಯ ಚಹಾಕೂಟದಲ್ಲಿ ಎಲ್ಲರೂ ಅವರನ್ನು ಅಭಿನಂದಿಸಿದರು. “ನಿಮ್ಮ ಮಗಳಿಗೇ ಹಾಕಿದ್ದು ಕಣ್ರೀ, ಪೇಪರ್‌ನಲ್ಲಿ ಬಂದ್ಬಿಟ್ಟಿದೆ ನೋಡಿ!” ತಾನೂ ಅದನ್ನೇ ಹಾಕಿದೆ ಎಂದು ಮಾಲತಿಯವರು ನಾಚಿಕೊಂಡರು. ಆಗ ಇರಾ ಚಹಾದ ತಟ್ಟೆಯನ್ನು ಕೆಳಗಿಟ್ಟು, ಅರ್ಧ ಸ್ವೀಡಿಷ್ ಅರ್ಧ ಕನ್ನಡದಲ್ಲಿ ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ಪಕ್ಷದ ಕಾರ್ಯಕರ್ತೆ ಅವಳ ಗೆಳತಿ ಲೀನಾ. ಲೀನಾ ಫೀಕಾಗೆಂದು, ಅಂದರೆ ಈ ದೇಶದವರು ಯುದ್ಧದ ನಡುವೆಯೂ ಬಿಡದ ಆ ಕಾಫಿ ವಿರಾಮಕ್ಕೆಂದು, ಹೋಗುವಾಗ ಚೀಟಿಯ ಕಟ್ಟನ್ನು ಇಪ್ಪತ್ತು ನಿಮಿಷ ಹಿಡಿದುಕೊಂಡಿರು ಎಂದು ಇವಳ ಕೈಗೆ ಕೊಟ್ಟಿದ್ದಳು. “ನಾನ್ ಜಸ್ಟ್ ಹಿಡ್ಕೊಂಡಿದ್ದೆ ಅಷ್ಟೇ! ಅಮ್ಮಾ, ನೀನೂನಾ?” ಇರಾ ಹಿಂದಿನ ಬುಧವಾರವೇ, ಮುಂಗಡ ಮತದಾನ ನಡೆದ ಜಾಗದಲ್ಲಿ, ಬೇರೆ ಪಕ್ಷಕ್ಕೆ ಮತ ಹಾಕಿ ಬಂದಿದ್ದಳು. ತಮ್ಮ ಹತ್ತೊಂಬತ್ತರಲ್ಲಿ ಅವಳ ಮತ ಇಲ್ಲವೇ ಇಲ್ಲ. ಆ ಮುಂಗಡ ಮತದಾನ ನಡೆದ ಜಾಗ, ಮಾನ್ಯರೇ, ಏಕ್‌ಲುಂಡಾದ ಗ್ರಂಥಾಲಯ.

ಹಾಗಾಗಿ ತಮ್ಮ ಸದ್ದಿಲ್ಲದ ಕ್ರಾಂತಿಗೆ ಕಾರಣ ಒಬ್ಬಳ ಕಾಫಿಯ ಬಯಕೆ ಮತ್ತು ಇನ್ನೊಬ್ಬಳ ಜಾಕೆಟ್ ಇಲ್ಲದಿರುವಿಕೆ. ಇದರಿಂದ ತಮ್ಮ ಅಂಕಣದ ಬೆಲೆ ಕಡಿಮೆಯಾಯಿತೆಂದು ನಾನು ಭಾವಿಸುವುದಿಲ್ಲ. ಅನುವಾದಗಳನ್ನು ಓದಿಯೇ ಬದುಕಿದವನಾಗಿ ನಾನು ಬಲ್ಲೆ: ಮತ ಎಂಬ ಮೂಕ ಮೂಲದಿಂದ ಒಂದೂವರೆ ಪುಟದ ನಿರರ್ಗಳ ಗದ್ಯವನ್ನು ತೆಗೆಯುವುದು ಸಾಮಾನ್ಯರ ಕೆಲಸವಲ್ಲ. ಆದರೆ ಒಳ್ಳೆಯ ಅನುವಾದಕರು ಒಂದು ಸಾಲು ತಿಳಿಯದಿದ್ದಾಗ ಅಡಿಟಿಪ್ಪಣಿ ಹಾಕುತ್ತಾರೆ. ತಮ್ಮ ಪುಟದ ಅಡಿ ಬಹಳ ಸ್ವಚ್ಛವಾಗಿತ್ತು.

ಆದ್ದರಿಂದ ಕೆಲವು ವಿನಮ್ರ ಬೇಡಿಕೆಗಳು. ಮುಂದಿನ ಸಲ ಮತದಾರರ ಒಲವಿನ ನಕ್ಷೆ ಬಿಡಿಸುವಾಗ ಕೆಂಪು, ನೀಲಿ, ಹಸಿರುಗಳ ಪಕ್ಕದಲ್ಲಿ ದಾಕ್ಷಿಣ್ಯಕ್ಕೂ ಒಂದು ಬಣ್ಣ ಕೊಡಿ. ನಮ್ಮಲ್ಲಿ ಅದಕ್ಕೆ ಎಂದೂ ಪೂರ್ಣ ಬಹುಮತ. ಸಮೀಕ್ಷೆಯ ಪ್ರಶ್ನೆಗಳಲ್ಲಿ ‘ಪಾಪ ಅನ್ನಿಸಿತು’, ‘ಹೆಂಡತಿ ನೋಡುತ್ತಿದ್ದಳು’, ‘ಊಟ ಸ್ವಲ್ಪ ಜಾಸ್ತಿಯಾಗಿತ್ತು’ ಎಂಬ ಆಯ್ಕೆಗಳನ್ನೂ ಸೇರಿಸಿ. ಸಾಧ್ಯವಾದರೆ ಯುರೋಪಿನ ಇಪ್ಪತ್ತೇಳು ದೇಶಗಳಿಗೂ ಹೇಳಿ ಜೂನ್ ಏಳನ್ನು ಇನ್ನೊಮ್ಮೆ ನಡೆಸಿ. ಈ ಸಲ ಇರಾಳ ಕೈಗೆ ಗ್ರಂಥಾಲಯದ ಸದಸ್ಯತ್ವದ ಅರ್ಜಿಗಳನ್ನು ಕೊಡೋಣ. ಇದು ಯಾವುದೂ ಆಗದಿದ್ದರೆ, ಸೆಪ್ಟೆಂಬರ್ ಹದಿನಾರರೊಳಗೆ ತಮ್ಮ ಅಂಕಣದಲ್ಲಿ ಒಂದೇ ಒಂದು ವಾಕ್ಯ ಅಚ್ಚು ಮಾಡಿಸಿ: ಈ ಹತ್ತೊಂಬತ್ತು ಮಂದಿಗೆ ಪುಸ್ತಕ ಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾಸ್ಯಕ್ಕಲ್ಲದೆ ನಾನು ಕೇಳುತ್ತಿರುವುದು ಇದೊಂದನ್ನೇ.

ಇಷ್ಟೆಲ್ಲ ಬರೆದವನು ಆ ದಿನ ಏನು ಮಾಡಿದ ಎಂದು ತಾವು ಕೇಳಬಹುದು. ನಾನು ಎರಡು ವಾರ ಕೂತು ಎಲ್ಲ ಪಕ್ಷಗಳ ಪ್ರಣಾಳಿಕೆಗಳನ್ನು ಓದಿ, ತೀರ್ಮಾನಿಸಿ, ನನಗೆ ಬೇಕಾದ ಚೀಟಿಯನ್ನು ಮನೆಯಿಂದಲೇ ಮಡಿಚಿ ಕೋಟಿನ ಒಳಜೇಬಿನಲ್ಲಿ ತಂದಿದ್ದೆ. ಸಾಲಿನಲ್ಲಿ ಕೊನೆಯವನು ನಾನು. ಇರಾ ನನ್ನನ್ನು ನೋಡಿದಳು. ಅವಳು ಚೀಟಿಯನ್ನು ನೀಡಲೂ ಇಲ್ಲ, ನಾನೇ ತೆಗೆದುಕೊಂಡೆ. ತೆಗೆದುಕೊಳ್ಳದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು, ಕಾರಣ ಹೇಳಿದರೆ ಮಾತು ಬೆಳೆಯುತ್ತಿತ್ತು. ಪರದೆಯ ಹಿಂದೆ ಎರಡು ಚೀಟಿಗಳನ್ನೂ ಎದುರಿಗಿಟ್ಟುಕೊಂಡು ನಿಂತಾಗ, ತೆರೆದ ಬಾಗಿಲಿನ ಆಚೆ ಶೋಭನಾಳ ದನಿ ಕೇಳಿಸಿತು: “ನಮ್ಮನೆಯವ್ರೂ ನಿಂಗೇ ಹಾಕ್ತಾರೆ ಕಣೆ, ಮಾತಾಡಲ್ಲ ಅಷ್ಟೇ.” ಮಡಿಚಿದ ಚೀಟಿ ಈಗಲೂ ಅದೇ ಕೋಟಿನಲ್ಲಿದೆ. ಗುರುವಾರ ಶೆಷ್ಟಿನ್ ಅವರ ಮುಂದೆ ನಾನು ಬಾಯಿ ತೆರೆಯದೆ ನಿಂತದ್ದು ಆ ಕಾರಣಕ್ಕೆ.

ತಮ್ಮ ಅಮೂಲ್ಯ ಸಮಯವನ್ನು ಪಡೆದದ್ದಕ್ಕೆ ಕ್ಷಮೆ ಕೋರುತ್ತ, ಸೆಪ್ಟೆಂಬರ್ ಹದಿನಾರರ ಸಭೆಯಲ್ಲಿ ಮಾತನಾಡಲು ಹೆಸರು ಕೊಟ್ಟಿರುವ,

ತಮ್ಮ ಹತ್ತೊಂಬತ್ತನೆಯ ವಿಶ್ವಾಸಿ,
ರಾಮಮೂರ್ತಿ

ಮರೆತ ಮಾತು: ಮತದಾರರ ಮನಸ್ಸಿನ ಬಗ್ಗೆ ತಾವು ಬರೆದಿರುವ ದಪ್ಪ ಪುಸ್ತಕದ ಒಂದು ಪ್ರತಿ ನಮ್ಮ ಗ್ರಂಥಾಲಯದಲ್ಲಿದೆ. ಆರು ವರ್ಷಗಳಲ್ಲಿ ಅದನ್ನು ಮನೆಗೆ ಒಯ್ದವನು ನಾನೊಬ್ಬನೇ. ಅದನ್ನು ಅನುವಾದಿತ ಕಾದಂಬರಿಗಳ ಕಪಾಟಿಗೆ ವರ್ಗಾಯಿಸಬಹುದೇ ಎಂದು ಕೇಳಿದ್ದಕ್ಕೆ, ಅನುವಾದ ಎನ್ನಬೇಕಾದರೆ ಎಲ್ಲಾದರೂ ಒಂದು ಮೂಲ ಇರಬೇಕಾಗುತ್ತದೆ ಎಂದು ಶೆಷ್ಟಿನ್ ಆಕ್ಷೇಪಿಸಿದರು. ಗ್ರಂಥಾಲಯ ಮುಚ್ಚಿದರೆ ಅಲ್ಲಿರುವ ಪುಸ್ತಕಗಳನ್ನು ಬಾಗಿಲಲ್ಲಿ ನಿಂತು ಬಿಟ್ಟಿ ಹಂಚುತ್ತಾರಂತೆ. ತಮ್ಮ ಪ್ರತಿಯನ್ನು ಹಿಡಿದು ನಿಲ್ಲುವೆಯಾ ಎಂದು ಇರಾಳನ್ನು ಕೇಳಿ ನೋಡಿದೆ. ಇನ್ನು ಮುಂದೆ ಯಾರ ಕಾಗದವನ್ನೂ ಇಪ್ಪತ್ತು ನಿಮಿಷ ಕೂಡ ಹಿಡಿದುಕೊಳ್ಳುವುದಿಲ್ಲವಂತೆ.